ಫ್ರೀ ಡಿಶ್ ಹಾಕಿಸುವ ಮುಂಚೆ: ಡಿಶ್, ಎಲ್‌ಎನ್‌ಬಿ, ಬಾಕ್ಸ್, ಸಾಫ್ಟ್‌ವೇರ್ ಆರಿಸುವುದು ಹೇಗೆ?

"ಡಿಡಿ ಫ್ರೀ ಡಿಶ್‌ಗೆ ಯಾವ ಬಾಕ್ಸ್ ಒಳ್ಳೇದು?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಕಂಪ್ಯೂಟರ್‌ಗೆ ಜೋಡಿಸಿ ರೆಕಾರ್ಡ್ ಮಾಡ್ಕೋಬಹುದಾ?" ಎರಡಕ್ಕೂ ಇಲ್ಲಿ ಉತ್ತರ ಇದೆ. ಆದರೆ ನಾನು ಬಾಕ್ಸ್‌ನಿಂದ ಶುರು ಮಾಡುವುದಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ ಅಂತ ಒಂದಾದ ಮೇಲೊಂದು ಬಾಕ್ಸ್ ಬದಲಿಸಿದವರನ್ನು ನೋಡಿದ್ದೇನೆ. ಪ್ರತಿ ಸಲವೂ ತೊಂದರೆ ಇದ್ದದ್ದು ತಾರಸಿಯ ಮೇಲೆ. ಹಾಗಾಗಿ ಮೇಲಿನಿಂದ ಕೆಳಗೆ ಬರೋಣ. ಮೊದಲು ಆಕಾಶ, ಆಮೇಲೆ ಡಿಶ್, ಕೇಬಲ್, ಬಾಕ್ಸ್. ಸಾಫ್ಟ್‌ವೇರ್ ಕೊನೆಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ರೀ ಡಿಶ್ ಪ್ರಸಾರ ಭಾರತಿಯ ಉಪಗ್ರಹ ಟಿವಿ ಸೇವೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾಯಿತು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಸಾಮಾನು ತರಲು ಒಮ್ಮೆ ಎರಡು ಸಾವಿರ ರೂಪಾಯಿ ಆಸುಪಾಸು ಖರ್ಚಾಗುತ್ತದೆ, ಅಷ್ಟೇ. ಕನ್ನಡದಲ್ಲಿ ಡಿಡಿ ಚಂದನ ಸಿಗುತ್ತದೆ. ಜೀ ಕನ್ನಡ, ಕಲರ್ಸ್ ಕನ್ನಡ, ಉದಯ ಇವೆಲ್ಲ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳು. ಮನೆಯಲ್ಲಿ ಸಂಜೆಯ ಧಾರಾವಾಹಿ ಬೇಕೇಬೇಕು ಅನ್ನುವವರಿದ್ದರೆ ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಡಿಶ್ ಹಾಕಿಸಿದ ಮೇಲೆ ಜಗಳ ಬೇಡ.

ನಿಮಗೆ ಏನು ಬೇಕು ಅನ್ನುವುದನ್ನೂ ಈಗಲೇ ತೀರ್ಮಾನ ಮಾಡಿ. ಸುಮ್ನೆ ನೋಡಿದರೆ ಸಾಕು ಅಂದರೆ ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ ಪುಟ್ಟ ಡಬ್ಬಿ), ಕೇಬಲ್ ಮತ್ತು ಒಂದು ಬಾಕ್ಸ್ ಸಾಕು. ಆರನೇ ಹಂತದವರೆಗೆ ಓದಿ, ಆಮೇಲೆ ಒಂಬತ್ತಕ್ಕೆ ಹೋಗಿ. ರೆಕಾರ್ಡ್ ಮಾಡಬೇಕು, ಎರಡು ಮೂರು ಕೋಣೆಯಲ್ಲಿ ಬೇರೆ ಬೇರೆ ಚಾನೆಲ್ ನೋಡಬೇಕು, ಫೋನ್‌ನಲ್ಲೂ ಬರಬೇಕು ಅಂದರೆ ಏಳು ಮತ್ತು ಎಂಟನೇ ಹಂತ ನಿಮಗಾಗಿಯೇ ಬರೆದದ್ದು.

1. ಮೊದಲು ಆಕಾಶ ನೋಡಿ

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಇಸ್ರೋದ ಈ ಉಪಗ್ರಹ 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಏರಿಯಾನ್-5 ರಾಕೆಟ್‌ನಲ್ಲಿ ಹಾರಿತು. ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಇದರ ಜಾಗ. ನಮ್ಮ ಕಣ್ಣಿಗೆ ಅದು ಆಗ್ನೇಯ ದಿಕ್ಕು. ವಾಸ್ತು ಪ್ರಕಾರ ಅಡುಗೆಮನೆ ಇರುತ್ತದಲ್ಲ, ಆ ಮೂಲೆ.

ಅಳತೆಯಲ್ಲಿ ಹೇಳಬೇಕೆಂದರೆ ಬೆಂಗಳೂರಿನಿಂದ ದಿಕ್ಕು 128 ಡಿಗ್ರಿ. ಉತ್ತರವನ್ನು ಸೊನ್ನೆ ಎಂದಿಟ್ಟುಕೊಂಡು ಪೂರ್ವದ ಕಡೆಗೆ ಎಣಿಸಬೇಕು. ಎತ್ತರ 66 ಡಿಗ್ರಿ. ಮಂಗಳೂರಿನಲ್ಲಿ ದಿಕ್ಕು ಸುಮಾರು 123, ಎತ್ತರ 63ರಿಂದ 64. ಬೀದರ್‌ನಲ್ಲಿ ದಿಕ್ಕು 137, ಎತ್ತರ 62. ಅಂದರೆ ಕರ್ನಾಟಕದಲ್ಲಿ ಎಲ್ಲಿ ನಿಂತರೂ ಉಪಗ್ರಹ ಸಾಕಷ್ಟು ಮೇಲೇ ಇದೆ. ಪಕ್ಕದ ಮನೆಯ ಮಹಡಿ ಅಡ್ಡ ಬರುವುದು ಅಪರೂಪ. ತೆಂಗಿನ ಮರ ಮಾತ್ರ ಖಂಡಿತ ಅಡ್ಡ ಬರುತ್ತದೆ.

ಜಾಗ ಸರಿಯಿದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹನ್ನೊಂದರ ಆಸುಪಾಸು ಸೂರ್ಯ ಹೆಚ್ಚುಕಡಿಮೆ ಉಪಗ್ರಹದ ಜಾಗಕ್ಕೇ ಬರುತ್ತಾನೆ. ಆ ಹೊತ್ತಿನಲ್ಲಿ ಡಿಶ್ ಇಡಬೇಕೆಂದಿರುವ ಜಾಗದ ಮೇಲೆ ಬಿಸಿಲು ಬಿದ್ದರೆ ದಾರಿ ತೆರೆದಿದೆ ಎಂದರ್ಥ. ನೆರಳು ಬಿದ್ದರೆ ಜಾಗ ಬದಲಿಸಿ. ಬೇರೆ ತಿಂಗಳಲ್ಲಾದರೆ ಫೋನ್‌ನ ದಿಕ್ಸೂಚಿ ಸಾಕು. ಕಬ್ಬಿಣದ ಪೈಪ್ ಅಥವಾ ನೀರಿನ ಟ್ಯಾಂಕಿನ ಸ್ಟ್ಯಾಂಡ್ ಪಕ್ಕ ನಿಂತು ಮಾತ್ರ ನೋಡಬೇಡಿ, ಮುಳ್ಳು ತಪ್ಪು ತೋರಿಸುತ್ತದೆ.

ಅಂದಹಾಗೆ ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಸೂರ್ಯನೂ ರೇಡಿಯೋ ತರಂಗಗಳನ್ನು ಸೂಸುತ್ತಾನೆ, ಉಪಗ್ರಹದ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ವಾರದೊಳಗೆ ತಾನಾಗಿಯೇ ಸರಿಹೋಗುತ್ತದೆ. ಯಾರನ್ನೂ ಕರೆಸಬೇಡಿ.

2. ಡಿಶ್ ಎಷ್ಟು ದೊಡ್ಡದಿರಬೇಕು?

ಬಯಲುಸೀಮೆಗೆ 60 ಸೆಂಟಿಮೀಟರ್ ಸಾಕು. ಕರಾವಳಿ, ಮಲೆನಾಡು, ಕೊಡಗಿನವರು 75 ಅಥವಾ 90 ಸೆಂಟಿಮೀಟರ್ ತಗೊಳ್ಳಿ. ಈ ಉಪಗ್ರಹ ಬಳಸುವುದು ಕೆಯು ಬ್ಯಾಂಡ್, ಅಂದರೆ 11 ಗಿಗಾಹರ್ಟ್ಸ್ ಆಚೀಚೆಯ ತರಂಗಗಳು. ದಪ್ಪ ಮಳೆಹನಿ ಇವನ್ನು ಹೀರಿಕೊಳ್ಳುತ್ತದೆ. ಜುಲೈನಲ್ಲಿ ಆಗುಂಬೆಯ ಮಳೆಗೆ 90 ಸೆಂಟಿಮೀಟರ್ ಡಿಶ್ ಕೂಡ ಕೆಲವೊಮ್ಮೆ ಸೋಲುತ್ತದೆ. ಆದರೆ ಬೇಗ ಚೇತರಿಸಿಕೊಳ್ಳುತ್ತದೆ.

ದೊಡ್ಡ ಡಿಶ್‌ಗೆ ಇನ್ನೊಂದು ಲಾಭ ಇದೆ, ಅಂಗಡಿಯವರು ಹೇಳುವುದಿಲ್ಲ. 60 ಸೆಂಟಿಮೀಟರ್ ಡಿಶ್‌ನ ನೋಟ ಸುಮಾರು 3 ಡಿಗ್ರಿ ಅಗಲ. 95 ಡಿಗ್ರಿಯಲ್ಲಿ ಖಾಸಗಿ ಡಿಟಿಎಚ್‌ನ ಉಪಗ್ರಹ ಇದೆ, 91.5 ಡಿಗ್ರಿಯಲ್ಲಿ ಇನ್ನೊಂದು. ಎರಡೂ ನಮ್ಮ 93.5ರ ಪಕ್ಕದ ಮನೆಯವರೇ. ಸಣ್ಣ ಡಿಶ್ ಅವರ ಮಾತನ್ನೂ ಸ್ವಲ್ಪ ಕೇಳಿಸಿಕೊಳ್ಳುತ್ತದೆ. 90 ಸೆಂಟಿಮೀಟರ್ ಡಿಶ್‌ನ ನೋಟ 2 ಡಿಗ್ರಿಗೆ ಇಳಿಯುತ್ತದೆ.

ಹಳೇ ಡಿಟಿಎಚ್ ಡಿಶ್ ಮನೆಯಲ್ಲಿದ್ದರೆ ಧಾರಾಳವಾಗಿ ಬಳಸಿ. ತುಕ್ಕು ಹಿಡಿದಿರಬಾರದು, ಅಂಚು ಸೊಟ್ಟಗಾಗಿರಬಾರದು. ಪರೀಕ್ಷೆ ಹೀಗೆ: ಡಿಶ್ ಅನ್ನು ನಿಲ್ಲಿಸಿ, ಬದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಹತ್ತಿರದ ಅಂಚು ದೂರದ ಅಂಚಿನ ಮೇಲೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಅದು ಬಾಗಿದೆ, ಗುಜರಿಗೆ ಹಾಕಿ.

3. ಎಲ್‌ಎನ್‌ಬಿ

ಡಿಶ್ ಮುಂದೆ ಕೋಲಿನ ತುದಿಯಲ್ಲಿ ಕೂರುವ ಪುಟ್ಟ ಡಬ್ಬಿಯೇ ಎಲ್‌ಎನ್‌ಬಿ. ಉಪಗ್ರಹದ ತರಂಗಗಳು ಕೇಬಲ್‌ನಲ್ಲಿ ಹರಿಯಲಾಗದಷ್ಟು ಮೇಲಿನ ಫ್ರೀಕ್ವೆನ್ಸಿಯವು. ಇದು ಅವನ್ನು ಇಳಿಸಿ, ಬಲಪಡಿಸಿ ಕಳಿಸುತ್ತದೆ. ಉದಾಹರಣೆಗೆ 11090 ಮೆಗಾಹರ್ಟ್ಸ್‌ನಲ್ಲಿ ಬಂದದ್ದರಿಂದ 9750 ಕಳೆದು 1340 ಮಾಡಿ ಕೇಬಲ್‌ಗೆ ಬಿಡುತ್ತದೆ. ಆ 9750 ಅನ್ನುವುದೇ ಎಲ್‌ಒ, ಅಂದರೆ ಲೋಕಲ್ ಆಸಿಲೇಟರ್ ಸಂಖ್ಯೆ.

ಅಂಗಡಿಯಲ್ಲಿ "ಯೂನಿವರ್ಸಲ್ ಕೆಯು ಬ್ಯಾಂಡ್, 9750/10600" ಎಂದು ಕೇಳಿ ತಗೊಳ್ಳಿ. ಡಬ್ಬಿಯ ಮೇಲೆ ಅದೇ ಸಂಖ್ಯೆ ಅಚ್ಚಾಗಿರಬೇಕು. ಹಳೇ ಎಲ್‌ಎನ್‌ಬಿ ಬಳಸುವವರು ಅದರ ಮೇಲಿನ ಸಂಖ್ಯೆ ಓದಿ ಬಾಕ್ಸ್‌ನಲ್ಲಿ ಅದನ್ನೇ ಹಾಕಿ. ಬಾಕ್ಸ್‌ಗೆ ತಪ್ಪು ಸಂಖ್ಯೆ ಕೊಟ್ಟರೆ ಡಿಶ್ ಎಷ್ಟು ಸರಿಯಾಗಿ ತಿರುಗಿದ್ದರೂ ಒಂದು ಚಾನೆಲ್ಲೂ ಬರುವುದಿಲ್ಲ.

ಎರಡು ಟಿವಿಗೆ ಬೇಕಾದರೆ ಎರಡು ಕಿಂಡಿಯ ಎಲ್‌ಎನ್‌ಬಿ ತಗೊಂಡು ಎರಡು ಕೇಬಲ್ ಎಳೆಯಿರಿ. ಕೇಬಲ್ ಟಿವಿಯ ಐವತ್ತು ರೂಪಾಯಿಯ ಸ್ಪ್ಲಿಟರ್ ಹಾಕಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಹೋಗುವುದೂ ಅದೇ ಕೇಬಲ್‌ನಲ್ಲಿ. ಬಾಕ್ಸ್ 13 ವೋಲ್ಟ್ ಕೊಟ್ಟರೆ ವರ್ಟಿಕಲ್ ತರಂಗ, 18 ಕೊಟ್ಟರೆ ಹಾರಿಜಾಂಟಲ್. ಕೇಬಲ್ ಟಿವಿಯ ಸ್ಪ್ಲಿಟರ್ ಈ ಕರೆಂಟನ್ನು ದಾಟಿಸುವುದಕ್ಕೆ ಮಾಡಿದ್ದಲ್ಲ.

4. ಕೇಬಲ್ ಮತ್ತು ಕನೆಕ್ಟರ್

ಆರ್‌ಜಿ-6 ಕೇಬಲ್ ಬೇಕು, 75 ಓಮ್‌ನದು. ನಡುವಿನ ತಂತಿ ಪೂರ್ತಿ ತಾಮ್ರದ್ದಿದ್ದರೆ ಒಳ್ಳೆಯದು. ತಾಮ್ರ ಲೇಪಿಸಿದ ಉಕ್ಕಿನ ತಂತಿ ಅಗ್ಗ, ಆದರೆ ಉದ್ದ ಎಳೆದಾಗ ಎಲ್‌ಎನ್‌ಬಿಗೆ ವೋಲ್ಟೇಜ್ ಕಡಿಮೆ ಮುಟ್ಟುತ್ತದೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಒಳಗೆ ಉಕ್ಕು. ಇಪ್ಪತ್ತು ಮೀಟರ್ ಒಳಗಿದ್ದರೆ ಯಾವುದಾದರೂ ನಡೆಯುತ್ತದೆ. ಅದಕ್ಕಿಂತ ಉದ್ದವಾದರೆ ತಾಮ್ರದ್ದನ್ನೇ ತನ್ನಿ. ನಡುವೆ ಗಂಟು ಹಾಕಿ ಟೇಪ್ ಸುತ್ತುವುದು ಬೇಡವೇ ಬೇಡ.

ಕನೆಕ್ಟರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅರ್ಧಕ್ಕರ್ಧ ತೊಂದರೆ ಇಲ್ಲೇ. ಹೊರಗಿನ ಕಪ್ಪು ಸಿಪ್ಪೆ ಸುಲಿಯಿರಿ. ಒಳಗೆ ಹೆಣೆದ ಸಣ್ಣ ತಂತಿಗಳ ಜಾಲ ಇರುತ್ತದೆ, ಅದನ್ನು ಪೂರ್ತಿ ಹಿಂದಕ್ಕೆ ಮಡಚಿ. ಬಿಳಿ ಫೋಮ್ ಅನ್ನು ಕತ್ತರಿಸಿ ನಡುವಿನ ತಂತಿ ಬಿಡಿಸಿ. ಕನೆಕ್ಟರ್ ಹಾಕಿದ ಮೇಲೆ ಆ ತಂತಿ ಬಾಯಿಂದ ಮೂರ್ನಾಲ್ಕು ಮಿಲಿಮೀಟರ್ ಹೊರಗೆ ನಿಂತಿರಬೇಕು. ಈಗ ಬೆಳಕಿಗೆ ಹಿಡಿದು ಒಳಗೆ ನೋಡಿ. ಜಾಲದ ಒಂದೇ ಒಂದು ಕೂದಲೆಳೆಯಷ್ಟು ತಂತಿ ನಡುವಿನ ತಂತಿಗೆ ತಾಗಿದ್ದರೂ ಶಾರ್ಟ್. ಬಾಕ್ಸ್ "ನೋ ಸಿಗ್ನಲ್" ಅನ್ನುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ. ಕೇಬಲ್ ಹಾಕುವಾಗ, ತೆಗೆಯುವಾಗ ಬಾಕ್ಸ್‌ನ ಸ್ವಿಚ್ ಆಫ್ ಇರಲಿ.

ಶಿರಸಿಯಲ್ಲಿ ನಮ್ಮ ನೆಂಟರ ಮನೆಯಲ್ಲಿ ಪ್ರತಿ ಮಳೆಗಾಲ ಶುರುವಾದ ಕೂಡಲೇ ಚಿತ್ರ ಹೋಗುತ್ತಿತ್ತು. ಎಲ್ಲರೂ ಮೋಡದ ಮೇಲೆ ತಪ್ಪು ಹೊರಿಸಿದ್ದರು. ನಾನು ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿದಾಗ ಒಳಗಿಂದ ಎರಡು ಹನಿ ನೀರು ಅಂಗೈಗೆ ಬಿತ್ತು. ತಾಮ್ರದ ತುದಿ ಹಸಿರು ಕಟ್ಟಿತ್ತು. ಒಂದಡಿ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೋಪಿ ತೊಡಿಸಿದ ಮೇಲೆ ಸರಿಹೋಯಿತು. ಕೇಬಲ್ ಎಲ್‌ಎನ್‌ಬಿಯಿಂದ ಇಳಿಯುವಾಗ ಒಂದು ಜೋತು ಬಿಡಿ. ಮನೆ ಒಳಗೆ ಹೋಗುವ ಮುಂಚೆ ಇನ್ನೊಂದು ಬಿಡಿ. ನೀರು ಆ ಜೋತಿನ ಕೆಳಗಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಕೇಬಲ್ ಹಿಡಿದು ಒಳಗೆ ಬರುವುದಿಲ್ಲ.

5. ಬಾಕ್ಸ್

ಅಂಗಡಿಯಲ್ಲಿ ಎರಡು ಬಗೆ ಇಟ್ಟಿರುತ್ತಾರೆ, ಎಂಪೆಗ್-2 ಮತ್ತು ಎಂಪೆಗ್-4. ಇವು ಚಿತ್ರವನ್ನು ಅಡಕ ಮಾಡಿ ಕಳಿಸುವ ಎರಡು ವಿಧಾನ. ಎಂಪೆಗ್-2 ಹಳೆಯದು. ಫ್ರೀ ಡಿಶ್‌ನಲ್ಲಿ ಎರಡೂ ಬಗೆಯ ಚಾನೆಲ್‌ಗಳಿವೆ. ಎಂಪೆಗ್-4 ಬಾಕ್ಸ್ ಎರಡನ್ನೂ ತೋರಿಸುತ್ತದೆ, ಎಂಪೆಗ್-2 ಬಾಕ್ಸ್ ಒಂದನ್ನು ಮಾತ್ರ. ನೂರಿನ್ನೂರು ರೂಪಾಯಿ ಉಳಿಸಲು ಹಳೆಯದನ್ನು ತರಬೇಡಿ. ರಟ್ಟಿನ ಡಬ್ಬದ ಮೇಲೆ ಡಿವಿಬಿ-ಎಸ್2 ಎಂದೂ ಬರೆದಿರಬೇಕು. ಅದು ಉಪಗ್ರಹ ಪ್ರಸಾರದ ಎರಡನೇ ಪೀಳಿಗೆಯ ಮಾನದಂಡ.

ಕೆಲವು ಬಾಕ್ಸ್‌ಗಳ ಮೇಲೆ ಐಕ್ಯಾಸ್ ಎಂದಿರುತ್ತದೆ. ಇದು ನಮ್ಮ ದೇಶದಲ್ಲೇ ರೂಪಿಸಿದ ಬೀಗದ ವ್ಯವಸ್ಥೆ. ಬೀಗ ಅಂದ ಕೂಡಲೇ ತಿಂಗಳ ಶುಲ್ಕ ಅಂತ ಗಾಬರಿ ಬೇಡ. ಫ್ರೀ ಡಿಶ್‌ನಲ್ಲಿ ಅದಕ್ಕೆ ಬಾಡಿಗೆ ಇಲ್ಲ. ಮುಂದೆ ಯಾವುದಾದರೂ ಚಾನೆಲ್ ಬೀಗ ಹಾಕಿಕೊಂಡು ಬಂದರೂ ಆ ಬಾಕ್ಸ್ ತೆರೆಯಬಲ್ಲದು. ಬರೀ ನೋಡುವವರಿಗೆ ನನ್ನ ಸಲಹೆ ಇದೇ ಬಾಕ್ಸ್.

ಹೊಸ ಟಿವಿ ಇರುವವರು ಅದರ ಬೆನ್ನು ಒಮ್ಮೆ ನೋಡಿ. ತಿರುಪು ಇರುವ ಸಾಕೆಟ್ ಪಕ್ಕ "ಸ್ಯಾಟಲೈಟ್" ಎಂದು ಬರೆದಿದ್ದರೆ ಟಿವಿಯೊಳಗೇ ಟ್ಯೂನರ್, ಅಂದರೆ ಸಿಗ್ನಲ್ ಹಿಡಿಯುವ ಭಾಗ, ಇದೆ, ಬಾಕ್ಸ್ ಬೇಡ. ಒಳಗೇ ಉಪಗ್ರಹ ಟ್ಯೂನರ್ ಇರುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 18112:2022 ಎಂಬ ಮಾನದಂಡ ತಂದಿದೆ. ಟಿವಿ ಕೊಳ್ಳುವ ಯೋಚನೆ ಇದ್ದರೆ ಅಂಗಡಿಯಲ್ಲಿ ಈ ಸಂಖ್ಯೆ ಹೇಳಿ ಕೇಳಿ.

"ಎಲ್ಲಾ ಪೇ ಚಾನೆಲ್ ಫ್ರೀ, ವರ್ಷಕ್ಕೆ ಇಷ್ಟು ಕೊಟ್ಟರೆ ಸಾಕು" ಎಂದು ಯಾರಾದರೂ ಬಾಕ್ಸ್ ಮಾರಲು ಬಂದರೆ ದಯವಿಟ್ಟು ತಗೊಳ್ಳಬೇಡಿ. ಬೇರೆಯವರ ಕಾರ್ಡಿನ ಕೀಲಿಯನ್ನು ಇಂಟರ್‌ನೆಟ್‌ನಲ್ಲಿ ಹಂಚುವ ಕಳ್ಳದಾರಿ ಅದು. ಕಾನೂನಿಗೆ ವಿರುದ್ಧ. ಯಾವತ್ತೋ ಒಂದು ದಿನ ನಿಂತುಹೋಗುತ್ತದೆ, ಕೊಟ್ಟ ದುಡ್ಡು ಯಾರ ಹತ್ತಿರ ಕೇಳುತ್ತೀರಿ?

6. ಡಿಶ್ ತಿರುಗಿಸುವುದು

ಇಬ್ಬರು ಬೇಕು. ಒಬ್ಬರು ತಾರಸಿ ಮೇಲೆ, ಒಬ್ಬರು ಟಿವಿ ಮುಂದೆ, ಇಬ್ಬರ ಕೈಯಲ್ಲೂ ಫೋನ್. ಸಣ್ಣ ಟಿವಿಯನ್ನೇ ಮೇಲೆ ಒಯ್ದರೆ ಇನ್ನೂ ಸಲೀಸು. ಅಂಚಿನಲ್ಲಿ ನಿಂತು ಬೋಲ್ಟ್ ಬಿಗಿ ಮಾಡುವ ಸಾಹಸ ಬೇಡ. ಮೋಡ ಗುಡುಗುತ್ತಿದ್ದರೆ ಮೇಲೆ ಹೋಗಲೇಬೇಡಿ.

ಕಂಬ ನೆಟ್ಟಗಿರಬೇಕು. ಗಾರೆಯವರ ರಸಮಟ್ಟ ಇಟ್ಟು ಎರಡು ಬದಿಯಿಂದ ನೋಡಿ. ಕಂಬ ವಾಲಿದ್ದರೆ ದಿಕ್ಕು ತಿರುಗಿಸಿದಂತೆಲ್ಲ ಎತ್ತರವೂ ಬದಲಾಗುತ್ತದೆ, ಸಂಜೆಯಾದರೂ ಸಿಗ್ನಲ್ ಸಿಗುವುದಿಲ್ಲ.

ಬಾಕ್ಸ್‌ನಲ್ಲಿ ಆಂಟೆನಾ ಸೆಟಪ್ ತೆರೆಯಿರಿ. ಎಲ್‌ಎನ್‌ಬಿ ಪವರ್ ಆನ್. ಎಲ್‌ಎನ್‌ಬಿ ಯೂನಿವರ್ಸಲ್ 9750/10600. ಡಿಸೆಕ್ (ಹಲವು ಎಲ್‌ಎನ್‌ಬಿ ಇದ್ದಾಗ ಒಂದನ್ನು ಆರಿಸುವ ಸ್ವಿಚ್) ಆಫ್. ಟಿಪಿ 11090, ವರ್ಟಿಕಲ್, ಸಿಂಬಲ್ ರೇಟ್ 29500. ಟಿಪಿ ಅಂದರೆ ಟ್ರಾನ್ಸ್‌ಪಾಂಡರ್, ಒಂದಷ್ಟು ಚಾನೆಲ್‌ಗಳನ್ನು ಒಟ್ಟಿಗೆ ಹೊತ್ತು ತರುವ ಗಾಡಿ. ತೆರೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಅನ್ನು ಮರೆತುಬಿಡಿ. ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಅದು ಏರುತ್ತದೆ. ನಮಗೆ ಬೇಕಾದದ್ದು ಕ್ವಾಲಿಟಿ.

ಡಿಶ್ ಬೆನ್ನಿನ ಅಳತೆಪಟ್ಟಿಯಲ್ಲಿ ಎತ್ತರವನ್ನು ನಿಮ್ಮ ಊರಿನ ಸಂಖ್ಯೆಗೆ ಇಡಿ. ಡಿಶ್‌ನ ಮುಖ ಅಷ್ಟು ಮೇಲೆ ನೋಡುತ್ತಿಲ್ಲ ಅನ್ನಿಸಬಹುದು. ಅದು ಸರಿಯೇ. ಮನೆಗೆ ಬರುವುದು ಆಫ್‌ಸೆಟ್ ಡಿಶ್. ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಗಿರುವುದರಿಂದ ಅದರ ನಿಜವಾದ ನೋಟ ಮುಖಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಿರುತ್ತದೆ.

ಈಗ ಆಗ್ನೇಯದ ಆಚೀಚೆ ನಿಧಾನವಾಗಿ ತಿರುಗಿಸಿ. ಒಂದು ಬೆರಳಿನಷ್ಟು ತಿರುಗಿಸಿ, ಮೂರು ಎಣಿಸಿ, ಮತ್ತೆ ತಿರುಗಿಸಿ. ಬಾಕ್ಸ್ ಸಿಗ್ನಲ್ ಗುರುತಿಸಲು ಒಂದೆರಡು ಸೆಕೆಂಡ್ ಬೇಕು. ಅವಸರದಲ್ಲಿ ತಿರುಗಿಸಿದವರು ಉಪಗ್ರಹವನ್ನು ಹತ್ತು ಸಲ ದಾಟಿಹೋಗುತ್ತಾರೆ. ಕ್ವಾಲಿಟಿ ಕಂಡ ಕೂಡಲೇ ನಿಲ್ಲಿಸಿ, ಎತ್ತರವನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ಅತಿ ಹೆಚ್ಚು ಬರುವಲ್ಲಿ ಬಿಡಿ.

ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ತಿರುಗಿಸಿ. ಇದನ್ನು ಸ್ಕ್ಯೂ ಅನ್ನುತ್ತಾರೆ. ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. ಉಪಗ್ರಹ ನಮಗೆ ನೇರ ದಕ್ಷಿಣದಲ್ಲಿದ್ದಿದ್ದರೆ ಎಲ್‌ಎನ್‌ಬಿ ನೆಟ್ಟಗೆ ನಿಂತರೆ ಸಾಕಿತ್ತು. ಇದು ಪೂರ್ವಕ್ಕೆ ಸರಿದಿರುವುದರಿಂದ ಓರೆ ಮಾಡಲೇಬೇಕು. ಐದೈದು ಡಿಗ್ರಿಯಂತೆ ತಿರುಗಿಸಿ ಕ್ವಾಲಿಟಿ ಹೆಚ್ಚಾಗುವ ಕಡೆ ನಿಲ್ಲಿಸಿ. ಹತ್ತಿಪ್ಪತ್ತು ಅಂಕ ಇಲ್ಲೇ ಸಿಗುತ್ತದೆ, ಮಳೆ ಬಂದಾಗ ಕಾಪಾಡುವುದು ಅದೇ.

ಬೋಲ್ಟ್‌ಗಳನ್ನು ಒಂದೊಂದಾಗಿ, ಸುತ್ತು ಹಾಕಿಕೊಂಡು, ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಸರಿಯುತ್ತದೆ.

ಸ್ಕ್ಯಾನ್ ಮಾಡಿದಾಗ ಎಲ್ಲ ಚಾನೆಲ್ ಪಕ್ಕದಲ್ಲೂ ಡಾಲರ್ ಗುರುತು ಬಂದು ಡಿಡಿ ಒಂದೂ ಇಲ್ಲದಿದ್ದರೆ ನೀವು ಬಹುಶಃ 95 ಡಿಗ್ರಿಗೆ ಹೋಗಿದ್ದೀರಿ. ಸ್ವಲ್ಪ ದಕ್ಷಿಣಕ್ಕೆ ಸರಿಸಿ. ಡಿಡಿ ಚಾನೆಲ್‌ಗಳ ಜೊತೆಗೆ ಒಂದಷ್ಟು ಡಾಲರ್ ಚಾನೆಲ್ ಬಂದರೆ ಚಿಂತೆ ಇಲ್ಲ. ಸನ್ ಡೈರೆಕ್ಟ್ ಕೂಡ ಜಿಸ್ಯಾಟ್-15 ಬಳಸುತ್ತದೆ. ಅವು ಬೀಗ ಹಾಕಿದ ಚಾನೆಲ್‌ಗಳು, ಅಳಿಸಿಬಿಡಿ.

7. ಕಂಪ್ಯೂಟರ್‌ಗೆ ಟ್ಯೂನರ್ ಆರಿಸುವುದು

ಇಲ್ಲಿಂದ ಮುಂದೆ ರೆಕಾರ್ಡ್ ಮಾಡುವವರಿಗೆ. ಚಂದನದ ಕೃಷಿ ಕಾರ್ಯಕ್ರಮ, ಹಳೇ ಸಂಗೀತ ಕಛೇರಿ ಉಳಿಸಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸೆಟ್‌ಟಾಪ್ ಬಾಕ್ಸ್‌ಗೆ ಪೆನ್‌ಡ್ರೈವ್ ಹಾಕಿಯೂ ರೆಕಾರ್ಡ್ ಮಾಡಬಹುದು, ನಿಜ. ಆದರೆ ಅದರಲ್ಲಿ ಒಂದನ್ನು ರೆಕಾರ್ಡ್ ಮಾಡುತ್ತ ಬೇರೆ ಟಿಪಿಯ ಚಾನೆಲ್ ನೋಡಲಾಗದು. ಪೆನ್‌ಡ್ರೈವ್ ಫ್ಯಾಟ್-32 ಎಂಬ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ.

ಬೇಕಾದದ್ದು ಡಿವಿಬಿ-ಎಸ್2 ಟ್ಯೂನರ್. ಕೊನೆಯ ಅಕ್ಷರ "ಎಸ್" ಅನ್ನುವುದನ್ನು ಎರಡು ಸಲ ನೋಡಿ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಪೆನ್‌ಡ್ರೈವ್ ಆಕಾರದ ಟಿವಿ ಸ್ಟಿಕ್‌ಗಳು ಡಿವಿಬಿ-ಟಿ ಬಗೆಯವು. ಅವು ನೆಲದ ಗೋಪುರದಿಂದ ಬರುವ ಪ್ರಸಾರಕ್ಕೆ, ಡಿಶ್‌ಗೆ ಅಲ್ಲ. ಈ ತಪ್ಪು ಮಾಡಿ ನನಗೆ ಬರೆದವರು ತುಂಬಾ ಜನ.

ಡೆಸ್ಕ್‌ಟಾಪ್ ಇದ್ದರೆ ಒಳಗೆ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಗಟ್ಟಿ. ಟಿಬಿಎಸ್ ಕಂಪನಿಯ 6902ರಲ್ಲಿ ಎರಡು ಟ್ಯೂನರ್ ಇವೆ. ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ಗೆ ಯುಎಸ್‌ಬಿ ಟ್ಯೂನರ್, ಉದಾಹರಣೆಗೆ ಡಿವಿಬಿಸ್ಕೈ ಎಸ್960. ಕೊಳ್ಳುವ ಮುಂಚೆ ಮೂರು ವಿಷಯ ವಿಚಾರಿಸಿ.

ಟ್ಯೂನರ್‌ಗೆ ಅದರದೇ ಅಡಾಪ್ಟರ್ ಇದೆಯಾ? ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕೊಡಬೇಕು, ಯುಎಸ್‌ಬಿ ಕಿಂಡಿ ಕೊಡುವುದು 5 ವೋಲ್ಟ್. ಪೈಗೆ ಈ ಭಾರ ಹೊರಿಸಿದರೆ ಅದು ಸುಮ್ಮಸುಮ್ಮನೆ ರೀಸ್ಟಾರ್ಟ್ ಆಗುತ್ತದೆ.

ಡ್ರೈವರ್ ಎಲ್ಲಿದೆ? ಡ್ರೈವರ್ ಅಂದರೆ ಯಂತ್ರವನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಸಣ್ಣ ಸಾಫ್ಟ್‌ವೇರ್. ಎಸ್960ರ ಡ್ರೈವರ್ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಉಚಿತ ವ್ಯವಸ್ಥೆ) ಕರ್ನಲ್‌ನಲ್ಲೇ, ಅಂದರೆ ಅದರ ತಿರುಳಿನಲ್ಲೇ, ಸೇರಿದೆ. ಅದರ ಫರ್ಮ್‌ವೇರ್ ಫೈಲ್ (ಟ್ಯೂನರ್‌ನ ಚಿಪ್ ಒಳಗೇ ಓಡುವ ಸಾಫ್ಟ್‌ವೇರ್) ಒಂದನ್ನು ಮಾತ್ರ ನೀವು ಹಾಕಬೇಕಾಗಬಹುದು. ಟಿಬಿಎಸ್ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಕಂಪನಿಯ ಡ್ರೈವರ್ ಬೇಕು. ಪ್ರತಿ ಸಲ ಕರ್ನಲ್ ಅಪ್‌ಡೇಟ್ ಆದಾಗ ಅದನ್ನು ಮತ್ತೆ ತಯಾರಿಸಿ ಹಾಕಬೇಕು. ಅಪ್‌ಡೇಟ್ ಮಾಡಿದ ಮಾರನೇ ದಿನ ಟಿವಿ ಹೋಯಿತು ಅನ್ನುವವರ ಕಥೆ ಇದೇ.

ಮೂರನೆಯದು, ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಯಾವ ಆವೃತ್ತಿ ಅಂತ ಕೇಳಿ.

ಕಂಪ್ಯೂಟರ್ ಯಾವುದಾದರೂ ಆದೀತು. ರಾಸ್ಪ್‌ಬೆರಿ ಪೈ 4 ಧಾರಾಳ. ನನ್ನ ಆಯ್ಕೆ ಮೂಲೆ ಸೇರಿದ ಹಳೇ ಲ್ಯಾಪ್‌ಟಾಪ್. ಅದರ ಬ್ಯಾಟರಿ ಇನ್ನೂ ಅರ್ಧ ಗಂಟೆ ನಿಂತರೂ ಸಾಕು, ಕರೆಂಟ್ ಹೋದಾಗ ಡಿಸ್ಕ್ ಕೆಡುವುದಿಲ್ಲ. ಟ್ಯೂನರ್‌ನ ಅಡಾಪ್ಟರ್ ಅನ್ನು ಯುಪಿಎಸ್‌ಗೆ ಹಾಕಿದರೆ ರೆಕಾರ್ಡಿಂಗೂ ನಿಲ್ಲುವುದಿಲ್ಲ. ಪೈ ಬಳಸುವವರು ರೆಕಾರ್ಡಿಂಗ್‌ಗಳನ್ನು ಮೆಮೊರಿ ಕಾರ್ಡ್‌ಗೆ ಬರೆಯಬೇಡಿ. ಬೇರೆ ಹಾರ್ಡ್ ಡಿಸ್ಕ್ ಇಡಿ. ಸಾಮಾನ್ಯ ಚಾನೆಲ್‌ಗೆ ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ ಎಂದು ಲೆಕ್ಕ ಹಾಕಿ. 1 ಟಿಬಿ ಡಿಸ್ಕ್‌ನಲ್ಲಿ ಏಳುನೂರು ಗಂಟೆಯಾದರೂ ಹಿಡಿಯುತ್ತದೆ.

ಒಂದು ಎಚ್ಚರಿಕೆ: ಕಂಪ್ಯೂಟರ್ ಟ್ಯೂನರ್‌ನಲ್ಲಿ ಐಕ್ಯಾಸ್ ಇರುವುದಿಲ್ಲ. ಬೀಗ ಹಾಕದ ಚಾನೆಲ್‌ಗಳಷ್ಟೇ ಬರುತ್ತವೆ.

8. ಸಾಫ್ಟ್‌ವೇರ್

ಟಿವಿ‌ಹೆಡೆಂಡ್ ಮತ್ತು ಕೋಡಿ. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಟಿವಿ‌ಹೆಡೆಂಡ್ ಅಡುಗೆಮನೆಯಲ್ಲಿರುತ್ತದೆ, ಕೋಡಿ ಊಟದ ಎಲೆಯ ಮೇಲೆ. ಮೊದಲನೆಯದು ಟ್ಯೂನರ್ ನೋಡಿಕೊಳ್ಳುತ್ತದೆ, ರೆಕಾರ್ಡ್ ಮಾಡುತ್ತದೆ, ಮನೆಯ ನೆಟ್‌ವರ್ಕ್‌ಗೆ ಹಂಚುತ್ತದೆ. ಎರಡನೆಯದು ಟಿವಿ ಮೇಲೆ ಚಂದವಾಗಿ ತೋರಿಸುತ್ತದೆ.

ವಿಂಡೋಸ್ ಬಿಡಲು ಇಷ್ಟವಿಲ್ಲದವರಿಗೆ ನೆಕ್ಸ್ಟ್‌ಪಿವಿಆರ್ ಇದೆ, ಉಚಿತ. ಡಿವಿಬಿ‌ವ್ಯೂವರ್ ದುಡ್ಡಿನದು. ಎರಡೂ ಕೆಲಸ ಮಾಡುತ್ತವೆ. ಆದರೆ ದಿನವಿಡೀ ಓಡುವ ಯಂತ್ರಕ್ಕೆ ನಾನು ಲಿನಕ್ಸ್ ಅನ್ನೇ ಹೇಳುತ್ತೇನೆ. ನಡುರಾತ್ರಿ ತಾನಾಗಿ ಅಪ್‌ಡೇಟ್ ಮಾಡಿಕೊಂಡು ರೆಕಾರ್ಡಿಂಗ್ ಹಾಳು ಮಾಡುವುದಿಲ್ಲ.

ಟಿವಿ‌ಹೆಡೆಂಡ್ ಹಾಕಿದ ಮೇಲೆ ಬ್ರೌಸರ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸ ಬರೆದು, ಮುಂದೆ ಪೋರ್ಟ್ ಸಂಖ್ಯೆ 9981 ಕೊಡಿ. ಮುಂದಿನ ಕೆಲಸ ಈ ಕ್ರಮದಲ್ಲಿ:

ಮೊದಲು ನೆಟ್‌ವರ್ಕ್ ವಿಭಾಗದಲ್ಲಿ ಡಿವಿಬಿ-ಎಸ್ ಬಗೆಯ ಹೊಸ ನೆಟ್‌ವರ್ಕ್ ಮಾಡಿ, 93.5 ಪೂರ್ವ ಆರಿಸಿ. ಆಮೇಲೆ ಟಿವಿ ಅಡಾಪ್ಟರ್ ವಿಭಾಗದಲ್ಲಿ ನಿಮ್ಮ ಟ್ಯೂನರ್ ಕಾಣುತ್ತದೆ. ಅದನ್ನು ಸಕ್ರಿಯ ಮಾಡಿ, ಎಲ್‌ಎನ್‌ಬಿ ಬಗೆ ಯೂನಿವರ್ಸಲ್ ಎಂದು ಹೇಳಿ, ಈಗಷ್ಟೇ ಮಾಡಿದ ನೆಟ್‌ವರ್ಕ್‌ಗೆ ಜೋಡಿಸಿ. ಟ್ಯೂನರ್ ಕಾಣದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಫರ್ಮ್‌ವೇರ್ ಫೈಲ್ ಇಲ್ಲ ಎಂದರ್ಥ. ಕರ್ನಲ್ ಸಂದೇಶಗಳಲ್ಲಿ ಬೇಕಾದ ಫೈಲ್‌ನ ಹೆಸರೇ ಬರೆದಿರುತ್ತದೆ.

ಈಗ ಮಕ್ಸ್ ಸೇರಿಸಬೇಕು. ಬಾಕ್ಸ್‌ನವರು ಟಿಪಿ ಅನ್ನುವುದನ್ನೇ ಇಲ್ಲಿ ಮಕ್ಸ್ ಅನ್ನುತ್ತಾರೆ. ಎಲ್ಲರೂ ಎಡವುವ ಜಾಗ ಇದು. ಬಾಕ್ಸ್‌ನಲ್ಲಿ ನಾವು 11090 ಮತ್ತು 29500 ಎಂದು ಬರೆದೆವು ಅಲ್ವಾ? ಟಿವಿ‌ಹೆಡೆಂಡ್ ಇವನ್ನು ಸಾವಿರ ಪಟ್ಟು ಸಣ್ಣ ಅಳತೆಯಲ್ಲಿ ಕೇಳುತ್ತದೆ. ಅಂದರೆ ಫ್ರೀಕ್ವೆನ್ಸಿ 11090000, ಸಿಂಬಲ್ ರೇಟ್ 29500000. ಮೂರು ಸೊನ್ನೆ ಬಿಟ್ಟುಹೋದರೆ ಸ್ಕ್ಯಾನ್ "ಫೇಲ್" ಅನ್ನುತ್ತದೆ, ಜನ ಡಿಶ್ ತಿರುಗಿಸಲು ಮತ್ತೆ ಏಣಿ ಹತ್ತುತ್ತಾರೆ. ಪೋಲರೈಸೇಷನ್ ವರ್ಟಿಕಲ್, ಎಫ್‌ಇಸಿ (ಸಿಗ್ನಲ್‌ನ ದೋಷ ತಿದ್ದುವ ವ್ಯವಸ್ಥೆ) ಆಟೋ ಇರಲಿ. ಉಳಿದ ಟಿಪಿಗಳನ್ನು ನಿಮ್ಮ ಸೆಟ್‌ಟಾಪ್ ಬಾಕ್ಸ್‌ನ ಪಟ್ಟಿ ನೋಡಿ ಇದೇ ರೀತಿ ಸೇರಿಸಿ. ಬಾಕ್ಸ್ ಇಲ್ಲದವರು ನೆರೆಮನೆಯ ಬಾಕ್ಸ್ ನೋಡಿ ಬರೆದುಕೊಳ್ಳಿ.

ಸ್ಕ್ಯಾನ್ ಮುಗಿದ ಮೇಲೆ ಸರ್ವಿಸ್ ಪಟ್ಟಿ ತುಂಬುತ್ತದೆ. ಬೇಕಾದವನ್ನು ಮಾತ್ರ ಚಾನೆಲ್ ಆಗಿ ಮ್ಯಾಪ್ ಮಾಡಿ. ಚಂದನಕ್ಕೆ ಸಂಖ್ಯೆ 1 ಕೊಟ್ಟುಬಿಡಿ, ಮನೆಯ ಹಿರಿಯರಿಗೆ ಅನುಕೂಲ.

ರೆಕಾರ್ಡಿಂಗ್ ಪ್ರೊಫೈಲ್ "ಪಾಸ್" ಎಂದಿಡಿ. ಬಂದದ್ದು ಬಂದ ಹಾಗೇ ಉಳಿಯುತ್ತದೆ, ಕಂಪ್ಯೂಟರ್‌ಗೆ ಶ್ರಮ ಇಲ್ಲ. ಆರಂಭಕ್ಕೆ 5 ನಿಮಿಷ ಮುಂಚೆ, ಮುಗಿದ ಮೇಲೆ 10 ನಿಮಿಷ ಹೆಚ್ಚು ಸೇರಿಸಿ. ಉಪಗ್ರಹದಿಂದ ಬರುವ ಕಾರ್ಯಕ್ರಮ ಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ, ಗಂಟೆ ನೋಡಿ ಟೈಮರ್ ಇಡುವುದೇ ವಾಸಿ. ಕಂಪ್ಯೂಟರ್‌ನ ಸಮಯವಲಯ ಕೋಲ್ಕತ್ತಾ ಎಂದಿರಲಿ. ಇಲ್ಲದಿದ್ದರೆ ಐದೂವರೆ ಗಂಟೆ ತಪ್ಪಿ ಬೇರೆಯದೇ ಕಾರ್ಯಕ್ರಮ ಸಿಗುತ್ತದೆ.

ಒಂದೇ ಟ್ಯೂನರ್ ಇದ್ದರೂ ಒಂದೇ ಟಿಪಿಯಲ್ಲಿರುವ ಚಾನೆಲ್‌ಗಳನ್ನೆಲ್ಲ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಒಂದು ಗಾಡಿ ಬಂದರೆ ಅದರೊಳಗಿನ ಸಾಮಾನೆಲ್ಲ ಬಂದ ಹಾಗೆ. ಹೀಗಾಗಿ ಎರಡನೇ ಟ್ಯೂನರ್ ಕೊಳ್ಳುವ ಮುಂಚೆ ನಿಮಗೆ ಬೇಕಾದ ಚಾನೆಲ್‌ಗಳು ಯಾವ ಟಿಪಿಯಲ್ಲಿವೆ ಅಂತ ನೋಡಿ. ಎಷ್ಟೋ ಸಲ ಒಂದೇ ಸಾಕಾಗುತ್ತದೆ.

ಕೋಡಿಯಲ್ಲಿ ಟಿವಿ‌ಹೆಡೆಂಡ್ ಕ್ಲೈಂಟ್ ಎಂಬ ಆ್ಯಡ್-ಆನ್ ಹಾಕಿ, ಕಂಪ್ಯೂಟರ್ ವಿಳಾಸ ಮತ್ತು ಪಾಸ್‌ವರ್ಡ್ ಕೊಡಿ. ಅದು ಮಾತಾಡುವ ಪೋರ್ಟ್ 9982. ಆಂಡ್ರಾಯ್ಡ್ ಟಿವಿಯಲ್ಲೂ ಕೋಡಿ ಸಿಗುತ್ತದೆ. ಫೋನ್‌ನಲ್ಲಿ ವಿಎಲ್‌ಸಿ ಸಾಕು. ಈ ಪೋರ್ಟ್‌ಗಳನ್ನು ರೂಟರ್‌ನಿಂದ ಹೊರಗೆ, ಇಂಟರ್‌ನೆಟ್‌ಗೆ ತೆರೆಯಬೇಡಿ.

9. ಆಮೇಲಿನ ಕೆಲಸ

ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗವನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ. ಹರಾಜಾದಂತೆ ಚಾನೆಲ್ ಬರುತ್ತವೆ, ಹೋಗುತ್ತವೆ, ಟಿಪಿ ಬದಲಿಸುತ್ತವೆ. ಇದ್ದಕ್ಕಿದ್ದಂತೆ ಒಂದೆರಡು ಚಾನೆಲ್ ಮಾತ್ರ ಮಾಯವಾದರೆ ಡಿಶ್ ಮುಟ್ಟಬೇಡಿ. ಮರುಸ್ಕ್ಯಾನ್ ಮಾಡಿ. ಎಲ್ಲವೂ ಹೋದರೆ ಮಾತ್ರ ಕೇಬಲ್, ಎಲ್‌ಎನ್‌ಬಿ, ಡಿಶ್ ಈ ಕ್ರಮದಲ್ಲಿ ನೋಡಿ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಒಮ್ಮೆ ಮೇಲೆ ಹತ್ತಿ. ಕನೆಕ್ಟರ್‌ನ ರಬ್ಬರ್ ಟೋಪಿ ಬಿಸಿಲಿಗೆ ಸೀಳಿದೆಯಾ ನೋಡಿ. ಎಲ್‌ಎನ್‌ಬಿಯ ಮುಂಭಾಗದ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದ್ದರೆ ನೀರು ಒಳಗೆ ಹೋಗುತ್ತದೆ, ಎಲ್‌ಎನ್‌ಬಿಯನ್ನೇ ಬದಲಿಸಿ. ತೆಂಗಿನ ಹೊಸ ಗರಿ ದಾರಿಗೆ ಅಡ್ಡ ಬಂದಿದೆಯಾ ನೋಡಿ. ಸಿಡಿಲು ಹೆಚ್ಚಿರುವ ಕಡೆ ಡಿಶ್ ಕಂಬವನ್ನು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಮಾಡಿಸಿ. ಗುಡುಗು ಶುರುವಾದ ಮೇಲೆ ಕೇಬಲ್ ಕೀಳಲು ಹೋಗಬೇಡಿ. ಮೋಡ ಕಟ್ಟುತ್ತಿರುವಾಗಲೇ ತೆಗೆದಿಡಿ.

ಎಲ್ಲ ಸರಿಯಾದ ದಿನವೇ ಒಂದು ಚೀಟಿ ಬರೆಯಿರಿ. ಟಿಪಿಗಳ ಪಟ್ಟಿ, ಎಲ್‌ಎನ್‌ಬಿ ಸಂಖ್ಯೆ, ಬಿಸಿಲಿರುವಾಗ ಬಂದ ಕ್ವಾಲಿಟಿ ಎಷ್ಟು, ಇಷ್ಟು ಸಾಕು. ಬಾಕ್ಸ್‌ನ ತಳಕ್ಕೆ ಅಂಟಿಸಿ. ಡಿಶ್ ಕಂಬದ ಮೇಲೂ ಹಿಡಿಕೆ ಕೂತ ಜಾಗಕ್ಕೆ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ಗಾಳಿಗೆ ಡಿಶ್ ತಿರುಗಿದರೆ ಆ ಗೆರೆಗೆ ತಂದು ನಿಲ್ಲಿಸಿದರೆ ಆಯಿತು.